ನಕಲು ಮಾಡುವುದೋ, ನೋಡಿ ಬರೆಯುವುದೋ?

ಪ್ರಶ್ನೆ: ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಮೊಬೈಲಿನಲ್ಲಿ ಕಾಣುವ ಚಿತ್ರಗಳನ್ನು ಯಥಾವತ್ತಾಗಿ ನಕಲು ಮಾಡುತ್ತಾಳೆ. ಡ್ರಾಯಿಂಗ್ ಮೇಷ್ಟ್ರು ಮಾತ್ರ ವಸ್ತುಗಳನ್ನು ಎದುರಿಗಿಟ್ಟುಕೊಂಡು ಬರೆಯಬೇಕೆನ್ನುತ್ತಾರೆ. ಇದು ಅಷ್ಟು ಅಗತ್ಯವೇ? ಮುಂದೆ ಚಿತ್ರಕಲೆಯನ್ನೇ ಓದುವ ದಾರಿ ಯಾವುದು?
– ಓದುಗರೊಬ್ಬರು, ಹಾವೇರಿ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಘನವಾದ ವಸ್ತುವನ್ನು ಚಪ್ಪಟೆ ಹಾಳೆಗೆ ಇಳಿಸುವ ಕೆಲಸವನ್ನು ಮೊಬೈಲಿನ ಚಿತ್ರದಲ್ಲಿ ಬೇರೆ ಯಾರೋ ಆಗಲೇ ಮುಗಿಸಿರುತ್ತಾರೆ. ಕಲಿಯಬೇಕಾದದ್ದು ಆ ಕೆಲಸವನ್ನೇ. ಒಂದು ಸ್ಟೀಲ್ ಚೊಂಬನ್ನು ಮೇಜಿನ ಮೇಲಿಟ್ಟು ಬರೆಯಲು ಹೇಳಿ. ಅದರ ಬಾಯಿ ದುಂಡಗಿದೆಯೆಂದು ಗೊತ್ತಿರುವುದರಿಂದ ಮಕ್ಕಳ ಕೈ ಸಾಮಾನ್ಯವಾಗಿ ಪೂರ್ಣ ವೃತ್ತವನ್ನೇ ಎಳೆಯುತ್ತದೆ. ಆದರೆ ಕಣ್ಣಿಗೆ ಕಾಣುವುದು ದೀರ್ಘವೃತ್ತ, ಅದೂ ಚೊಂಬನ್ನು ಕಣ್ಣಿನ ಮಟ್ಟಕ್ಕೆ ಏರಿಸಿದಂತೆಲ್ಲ ಕಿರಿದಾಗುತ್ತ ಹೋಗಿ ಕೊನೆಗೆ ಬರೀ ಗೆರೆಯಾಗಿಬಿಡುತ್ತದೆ. ಚೊಂಬಿನ ಹೊಳಪಿನಲ್ಲಿ ಕಿಟಕಿಯ ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿ ಗಾಢವಾಗಿದೆ ಎಂಬುದನ್ನೂ ಅವಳೇ ನಿರ್ಧರಿಸಬೇಕಾಗುತ್ತದೆ. ಇದಕ್ಕೆ ಮೆತ್ತಗಿದ್ದು ಕಪ್ಪಾಗಿ ಮೂಡುವ 2ಬಿ ಮತ್ತು 6ಬಿ ಪೆನ್ಸಿಲ್ಲುಗಳು ಸಾಕು. ದುಬಾರಿ ಬಣ್ಣದ ಪೆಟ್ಟಿಗೆ ಸದ್ಯಕ್ಕೆ ಬೇಡ. ನಕಲು ಮಾಡುವುದನ್ನು ಪೂರ್ತಿ ನಿಲ್ಲಿಸಬೇಕಿಲ್ಲ, ಅದರಿಂದಲೂ ಕೈ ಪಳಗುತ್ತದೆ.

ಶಾಲೆಯಲ್ಲಿರುವಾಗಲೇ ಲೋಯರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳನ್ನು ಬರೆಯಿಸಬಹುದು, ಅಂಕಗಳಿಗಿಂತ ಅಭ್ಯಾಸದ ಶಿಸ್ತಿಗಾಗಿ. ಪಿಯುಸಿ ಮುಗಿದ ಮೇಲೆ 4 ವರ್ಷಗಳ ಬಿ.ವಿ.ಎ. (ಬ್ಯಾಚುಲರ್ ಆಫ್ ವಿಷುವಲ್ ಆರ್ಟ್ಸ್, ಅಂದರೆ ದೃಶ್ಯಕಲೆಯ) ಪದವಿಯಿದ್ದು, ಅದಕ್ಕೆ ವಿಜ್ಞಾನವನ್ನೇ ಓದಿರಬೇಕೆಂಬ ನಿಯಮವಿಲ್ಲ. ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ), ಬೆಂಗಳೂರಿನ ಚಿತ್ರಕಲಾ ಪರಿಷತ್ತು ಹೆಸರಾಂತ ಸಂಸ್ಥೆಗಳು; ನಿಮ್ಮೂರಿಗೆ ಹತ್ತಿರದ ದಾವಣಗೆರೆಯಲ್ಲಿಯೂ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ.