ಒಂದೇ ಬೋರ್ಡ್, ನಾಲ್ಕು ಜನ: ಅಂಕಿ ಯಾಕೆ ಬದಲಾಗುತ್ತದೆ?

ನಾಲ್ಕು ಜನ ಎಸ್‌ಎಸ್‌ಎಚ್ ಮೂಲಕ (ದೂರದಿಂದಲೇ ಲಾಗಿನ್ ಆಗಿ) ಒಂದೇ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸುತ್ತೇವೆ, ಬೆಂಚ್‌ಮಾರ್ಕ್ (ವೇಗ ಅಳೆಯುವ ಪ್ರೋಗ್ರಾಂ) ಓಡಿಸಿದಾಗೆಲ್ಲ ಬೇರೆ ಬೇರೆ ಅಂಕಿ ಬರುತ್ತದೆ ಎಂದಿದ್ದೀರಿ. ಸುಮ್ನೆ ಕೋಡ್ ತಿದ್ದುತ್ತಾ ಕೂರಬೇಡಿ, ಮೊದಲು ಬೋರ್ಡ್ ನೋಡಿ.

ನೀವು ಅಳೆಯುವಾಗ ಇನ್ನೊಬ್ಬರು ಕಂಪೈಲ್ ಮಾಡುತ್ತಿದ್ದರೆ (ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುತ್ತಿದ್ದರೆ) ಅಂಕಿ ಕೆಟ್ಟಿತು ಅಂತಲೇ ಲೆಕ್ಕ. ಟಾಸ್ಕ್‌ಸೆಟ್ ಎಂಬ ಲಿನಕ್ಸ್ ಕಮಾಂಡ್‌ನಿಂದ ಪ್ರೊಸೆಸರ್‌ನ ಕೋರ್‌ಗಳನ್ನು ನಿಮ್ಮೊಳಗೆ ಹಂಚಿಕೊಂಡರೂ ಸಾಲದು. ಪೈ 4ರಲ್ಲಿ ನಾಲ್ಕೂ ಕೋರ್‌ಗಳಿಗೆ ಎಲ್2 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಚಿಕ್ಕ ಮೆಮೊರಿ) ಒಂದೇ, ಮೆಮೊರಿ ದಾರಿಯೂ ಒಂದೇ. ಅಳತೆ ಮುಗಿಯುವ ತನಕ ಬೋರ್ಡ್ ಪೂರ್ತಿ ಒಬ್ಬರದೇ ಆಗಿರಬೇಕು. ಇದಕ್ಕೆ ಲಿನಕ್ಸ್‌ನ ಎಫ್‌ಲಾಕ್ ಸಾಕು, ಒಂದು ಫೈಲನ್ನು ಒಮ್ಮೆಗೆ ಒಬ್ಬರೇ ಬೀಗವಾಗಿ ಹಿಡಿಯಲು ಬಿಡುವ ಕಮಾಂಡ್ ಅದು: ಎಲ್ಲರೂ ಒಂದೇ ಲಾಕ್ ಫೈಲ್ ಹಿಡಿದೇ ಕೆಲಸ ಶುರು ಮಾಡಿ. ಒಬ್ಬರು ತಪ್ಪಿಸಿದರೂ ಉಪಯೋಗವಿಲ್ಲ, ಕಂಪೈಲ್ ಮಾಡುವವರಿಗೂ ಇದೇ ನಿಯಮ. ಕಂಪೈಲ್ ಅನ್ನು ಸ್ವಂತ ಕಂಪ್ಯೂಟರಿನಲ್ಲಿ ಕ್ರಾಸ್ ಕಂಪೈಲರ್‌ನಿಂದ (ಒಂದು ಬಗೆಯ ಯಂತ್ರದಲ್ಲಿ ಕೂತು ಇನ್ನೊಂದಕ್ಕೆ ಪ್ರೋಗ್ರಾಂ ತಯಾರಿಸುವ ಸಾಧನ) ಮಾಡಿಕೊಂಡರೆ ಇನ್ನೂ ಒಳ್ಳೆಯದು ಅಲ್ವಾ? ಮುಂದೆ ಬೋರ್ಡ್‌ಗಳು ಜಾಸ್ತಿಯಾದರೆ ಹಲವರು ಬೋರ್ಡ್ ಹಂಚಿಕೊಳ್ಳಲು ಇರುವ ಲ್ಯಾಬ್‌ಗ್ರಿಡ್ ಎಂಬ ಸಾಫ್ಟ್‌ವೇರ್ ನೋಡಿ. ಬೋರ್ಡ್ ಕಾಯ್ದಿರಿಸುವುದು, ದೂರದಿಂದಲೇ ಪವರ್ ತೆಗೆದು ಹಾಕುವುದು, ಎರಡೂ ಅದರಲ್ಲಿವೆ.

ಇನ್ನು ಬಿಸಿ. 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪೈ ತಾನಾಗಿಯೇ ವೇಗ ಇಳಿಸುತ್ತದೆ. ಹಿಂದಿನವರ ಕೆಲಸದ ಬಿಸಿ ಆರುವ ಮೊದಲೇ ನೀವು ಅಳೆದರೆ ಪೆಟ್ಟು ನಿಮಗೆ. ಫ್ಯಾನ್ ಹಾಕಿಸಿ, ಗವರ್ನರ್ ಅನ್ನು (ಪ್ರೊಸೆಸರ್ ವೇಗ ನಿರ್ಧರಿಸುವ ಲಿನಕ್ಸ್ ಸೆಟ್ಟಿಂಗ್) ಪರ್ಫಾರ್ಮೆನ್ಸ್‌ಗೆ ಇಡಿ, ಪ್ರತಿ ಫಲಿತಾಂಶದ ಜೊತೆ ತಾಪಮಾನವನ್ನೂ ಬರೆದಿಡಿ.