ಬೇಯಿಸಿದ ನೀರು: ಚೆಲ್ಲಬೇಕೋ, ಉಳಿಸಬೇಕೋ?

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ಕೆಂಪು ಹರಿವೆ ಬೇಯಿಸಿದಾಗ ನೀರೆಲ್ಲ ಕೆಂಪಾಗುತ್ತದೆ. ಅದನ್ನು ಬಸಿದು ಪಲ್ಯ ಮಾಡುವುದು ನಮ್ಮ ಮನೆಯ ಕ್ರಮ. ಸತ್ವ ಹೋಗುತ್ತದೆಯೇ? ಕುಕ್ಕರಿನಲ್ಲಿಟ್ಟರೆ ಇನ್ನೂ ಹಾಳು ಎನ್ನುತ್ತಾರೆ, ನಿಜವೇ? – ಗೃಹಿಣಿ, ಪೆರ್ಲ

ಉತ್ತರ: ಹೌದು, ಹೋಗುತ್ತದೆ. ಬಣ್ಣದೊಂದಿಗೆ ವಿಟಮಿನ್ ಸಿ, ಫೋಲೇಟ್, ಪೊಟ್ಯಾಸಿಯಂ ಕೂಡ ನೀರಿಗೆ ಇಳಿದಿರುತ್ತವೆ. ಸೊಪ್ಪನ್ನು ತುಂಬ ನೀರಿನಲ್ಲಿ ಬೇಯಿಸಿ ಬಸಿದರೆ ವಿಟಮಿನ್ ಸಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ನಷ್ಟ. ಇದರಲ್ಲಿ ಬೆಂಕಿಯ ಪಾಲು ಸ್ವಲ್ಪವೇ, ಚೆಲ್ಲಿದ ನೀರಿನ ಪಾಲೇ ದೊಡ್ಡದು.

ಹರಿವೆಗೆ ಬೇರೆ ನೀರೇ ಬೇಡ. ಸೊಪ್ಪನ್ನು ಇಡಿಯಾಗಿ ತೊಳೆದು, ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ನಷ್ಟ ಅಲ್ಲಿಂದಲೇ ಶುರು. ಕಾಲು ಕಿಲೋ ಸೊಪ್ಪಿಗೆ ಒಂದು ಚಮಚ ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ಮೊದಲು ದಂಟನ್ನು ಮೂರು–ನಾಲ್ಕು ನಿಮಿಷ ಬಾಡಿಸಿ. ಎಲೆಗೆ ಅಂಟಿದ ನೀರೇ ಉಳಿದ ಬೇಯಿಕೆಗೆ ಸಾಕು. ಎಲೆ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ. ಕಾಯಿತುರಿ, ಉಪ್ಪು ಕೊನೆಗೆ. ತಳದಲ್ಲಿ ನೀರು ಉಳಿದಿದ್ದರೆ ಮುಚ್ಚಳ ತೆಗೆದು ಇಂಗಿಸಿ.

ಬಸಳೆ ಕೊದ್ದೆಲಿನಲ್ಲಿ ಈ ಚಿಂತೆಯಿಲ್ಲ. ದಂಟು ಬೆಂದ ನೀರು ಪದಾರ್ಥದಲ್ಲೇ ಇರುತ್ತದೆ, ಅನ್ನದೊಂದಿಗೆ ಹೊಟ್ಟೆಗೇ ಸೇರುತ್ತದೆ.

ಇನ್ನು ಕುಕ್ಕರ್. ಅದರ ಮೇಲಿನ ಆರೋಪ ಸರಿಯಲ್ಲ. ಒಳಗೆ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ ನಿಜ. ಆದರೆ ಸಮಯ ಕಡಿಮೆ, ನೀರು ಕಡಿಮೆ, ಗಾಳಿಯೂ ಇಲ್ಲ. ಗುಜ್ಜೆ (ಎಳೆ ಹಲಸು), ಸುವರ್ಣಗೆಡ್ಡೆಯಂಥ ಗಟ್ಟಿ ತರಕಾರಿಗೆ ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸುವುದಕ್ಕಿಂತ ಕುಕ್ಕರೇ ಮೇಲು. ಸೊಪ್ಪಿಗೆ ಮಾತ್ರ ಬೇಡ. ಒಲೆ ಆರಿಸಿದ ಮೇಲೂ ಒತ್ತಡ ಇಳಿಯುವವರೆಗೆ ಒಳಗೆ ಬೇಯುತ್ತಲೇ ಇರುವುದರಿಂದ ಸೊಪ್ಪು ಮುದ್ದೆಯಾಗುತ್ತದೆ.

ಒಂದು ವಿನಾಯಿತಿ: ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇರುವವರು ಹರಿವೆಯನ್ನು ಬೇಯಿಸಿ, ಬಸಿದೇ ತಿನ್ನಬೇಕು. ಕರಗುವ ಆಕ್ಸಲೇಟ್ ಆ ನೀರಿನಲ್ಲೇ ಹೋಗುತ್ತದೆ.

ಪ್ರಶ್ನೆ: ಕ್ಯಾರೆಟನ್ನು ಹಸಿಯಾಗಿ ತಿಂದರೇ ಒಳ್ಳೆಯದಂತೆ. ಹಾಗಾದರೆ ಚೀನಿಕಾಯಿ (ಸಿಹಿಗುಂಬಳ) ಪಲ್ಯದಲ್ಲಿ ಏನು ಉಳಿಯುತ್ತದೆ? – ಓದುಗರು, ಬದಿಯಡ್ಕ

ಉತ್ತರ: ಮುಖ್ಯವಾದದ್ದು ಉಳಿಯುತ್ತದೆ. ಕ್ಯಾರೆಟ್, ಚೀನಿಕಾಯಿ, ನುಗ್ಗೆಸೊಪ್ಪಿನಲ್ಲಿರುವ ಕೆರೋಟಿನ್ (ದೇಹ ಇದರಿಂದಲೇ ವಿಟಮಿನ್ ಎ ಮಾಡಿಕೊಳ್ಳುತ್ತದೆ) ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಸಿ ತರಕಾರಿಯಲ್ಲಿ ಅದು ಗಟ್ಟಿ ಕೋಶದೊಳಗೆ ಸಿಕ್ಕಿಕೊಂಡಿರುತ್ತದೆ. ಎಷ್ಟು ಜಗಿದರೂ ಪೂರ್ತಿ ಸಿಗದು. ಬೆಂದಾಗ ಕೋಶದ ಗೋಡೆ ಸಡಿಲವಾಗಿ ಹೆಚ್ಚು ಸಿಗುತ್ತದೆ. ಜೊತೆಗೆ ಒಬ್ಬರಿಗೆ ಐದು ಗ್ರಾಮಿನಷ್ಟು ಕೊಬ್ಬು ಇದ್ದರೆ ಸಾಕು. ಹಸಿ ತೆಂಗಿನಕಾಯಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ ಇರುವುದರಿಂದ, ಹದಿನೈದು–ಇಪ್ಪತ್ತು ಗ್ರಾಂ ಕಾಯಿತುರಿ ಬಿದ್ದ ಪಲ್ಯಕ್ಕೆ ಮೇಲೆ ಎಣ್ಣೆ ಸುರಿಯುವ ಅಗತ್ಯವಿಲ್ಲ. ನುಗ್ಗೆಸೊಪ್ಪು ಒಣಗಿಸಿಡುವವರು ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಕೆರೋಟಿನ್ ಬೇಗ ನಾಶವಾಗುತ್ತದೆ.

ಪ್ರಶ್ನೆ: ಮರಗೆಣಸನ್ನು ಅಟ್ಟಿನಳಗೆಯಲ್ಲಿ ಹಬೆಗಿಟ್ಟರೆ ಸತ್ವ ಉಳಿಯುವುದಿಲ್ಲವೇ? ಎಲ್ಲರೂ ನೀರು ಬಸಿಯಲೇಬೇಕು ಎನ್ನುವುದೇಕೆ? ಕಣಿಲೆಗೂ (ಎಳೆ ಬಿದಿರು) ಇದೇ ನಿಯಮವೇ? – ಕೃಷಿಕರು, ಮುಳ್ಳೇರಿಯ

ಉತ್ತರ: ಮರಗೆಣಸಿಗೆ ಹಬೆ ಬೇಡವೇ ಬೇಡ. ಇಲ್ಲಿ ಉಳಿಸುವುದಕ್ಕಿಂತ ತೆಗೆಯುವುದು ಮುಖ್ಯ. ಗೆಣಸಿನಲ್ಲಿ ಲಿನಮರಿನ್ ಎಂಬ ಸಂಯುಕ್ತವಿದೆ. ಅದು ಒಡೆದಾಗ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಅದನ್ನು ಒಡೆಯುವ ಕಿಣ್ವವೂ (ಎನ್‌ಜೈಮ್) ಗೆಣಸಿನಲ್ಲೇ ಇದೆ, ಆದರೆ ನೀರು ಕುದಿಯತೊಡಗಿದರೆ ಆ ಕಿಣ್ವ ಸಾಯುತ್ತದೆ. ಆಮೇಲೆ ಲಿನಮರಿನ್ ಹೊರಹೋಗಲು ಇರುವ ದಾರಿ ಒಂದೇ, ನೀರಿಗೆ ಇಳಿಯುವುದು. ಹಬೆಯಲ್ಲಿ, ಕೆಂಡದಲ್ಲಿ, ಕುಕ್ಕರಿನ ಅಲ್ಪ ನೀರಿನಲ್ಲಿ ಅದಕ್ಕೆ ಜಾಗವಿಲ್ಲ. ದೊಡ್ಡ ತುಂಡಿನ ನಡುವಿನಿಂದ ಅದು ಹೊರಬರುವುದೂ ಕಷ್ಟ.

ಹಾಗಾಗಿ ಹೊರಸಿಪ್ಪೆಯ ಜೊತೆ ಒಳಗಿನ ದಪ್ಪ ತೊಗಟೆಯನ್ನೂ ಪೂರ್ತಿ ತೆಗೆಯಿರಿ. ತಿರುಳಿಗಿಂತ ಅಲ್ಲೇ ವಿಷ ಹೆಚ್ಚು. ತುಂಡು ಎರಡು ಬೆರಳಿಗಿಂತ ದಪ್ಪ ಬೇಡ. ಗೆಣಸಿನ ಐದು ಪಟ್ಟು ನೀರು ಹಾಕಿ, ಮುಚ್ಚಳವಿಲ್ಲದೆ ಕುದಿಸಿ. ಒಂದು ಕುದಿ ಬಂದು ಐದು ನಿಮಿಷವಾದ ಮೇಲೆ ಆ ನೀರು ಚೆಲ್ಲಿ, ಹೊಸ ನೀರು, ಉಪ್ಪು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ, ಮತ್ತೆ ಬಸಿಯಿರಿ. ಬಸಿದ ನೀರನ್ನು ದನಕ್ಕೂ ಕೊಡಬಾರದು. ಕಹಿಯಾದ ಗೆಣಸನ್ನು ಯಾವ ವಿಧಾನದಲ್ಲೂ ತಿನ್ನಬೇಡಿ. ಕಿತ್ತ ಗೆಣಸನ್ನು ಎರಡು ದಿನದೊಳಗೆ ಬಳಸಿ. ಆಮೇಲೆ ಒಳಗೆ ನೀಲಿ–ಕಪ್ಪು ಗೆರೆ ಕಾಣಿಸಿಕೊಂಡು ರುಚಿ ಕೆಡುತ್ತದೆ.

ನಮ್ಮಲ್ಲಿ ಮರಗೆಣಸಿನ ಜೊತೆ ಮೀನುಸಾರು ಬಡಿಸುವುದು ಬಹಳ ಒಳ್ಳೆಯ ಜೋಡಿ. ಅಲ್ಪಸ್ವಲ್ಪ ಉಳಿದ ಸಯನೈಡನ್ನು ದೇಹ ನಿರಪಾಯವಾಗಿಸಲು ಗಂಧಕವಿರುವ ಅಮೈನೊ ಆಮ್ಲಗಳು ಬೇಕು, ಗೆಣಸಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಸಸ್ಯಾಹಾರಿಗಳು ಮೊಸರು, ಬೇಳೆ ಜೊತೆಗಿಡಿ.

ಕಣಿಲೆಯಲ್ಲೂ ಇದೇ ಬಗೆಯ ವಿಷ. ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬಸಿಯಿರಿ.

ಪ್ರಶ್ನೆ: ತಂದೆಗೆ ಮೂತ್ರಪಿಂಡದ ಕಾಯಿಲೆ. ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿದ್ದಾರೆ. ತರಕಾರಿಯನ್ನು ರಾತ್ರಿ ನೀರಿನಲ್ಲಿ ಹಾಕಿಟ್ಟರೆ ಆಗುತ್ತದೆಯೇ? – ಓದುಗರು, ಕುಂಬಳೆ

ಉತ್ತರ: ಬರೀ ನೆನೆಸಿದರೆ ಪೊಟ್ಯಾಸಿಯಂ ಹೆಚ್ಚು ಇಳಿಯುವುದಿಲ್ಲ, ಕುದಿಸಲೇಬೇಕು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ನೀರು ಚೆಲ್ಲಿ, ಆಮೇಲೆ ಪಲ್ಯ ಮಾಡಿ. ತರಕಾರಿ ಬೆಂದ ತಿಳಿಸಾರು ಅವರಿಗೆ ಬೇಡ. ಮನೆಯಂಗಳದಲ್ಲೇ ಸಿಗುವ ಎಳನೀರು ಇನ್ನೂ ಅಪಾಯಕಾರಿ, ಅದರಲ್ಲಿ ಪೊಟ್ಯಾಸಿಯಂ ತುಂಬ ಇದೆ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ, ಅದನ್ನು ದಯವಿಟ್ಟು ತರಬೇಡಿ. ಯಾವ ತರಕಾರಿ ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿದ ವೈದ್ಯರೇ ಹೇಳಬೇಕು.

ಪ್ರಶ್ನೆ: ಶಾಲೆಯ ಬಿಸಿಯೂಟಕ್ಕೆ ಅಲಸಂಡೆ, ಕ್ಯಾಬೇಜು ಹಿಂದಿನ ರಾತ್ರಿಯೇ ಹೆಚ್ಚಿಡುತ್ತೇವೆ. ಹಸಿರು ಉಳಿಯಲೆಂದು ಚಿಟಿಕೆ ಸೋಡಾ ಹಾಕುತ್ತೇವೆ. ತಪ್ಪೇ? – ಅಡುಗೆಯವರು, ಮಂಜೇಶ್ವರ

ಉತ್ತರ: ಸೋಡಾ ಬಿಟ್ಟುಬಿಡಿ. ಕ್ಷಾರದಿಂದ ಹಸಿರು ಮಿರುಗುತ್ತದೆ, ಆದರೆ ವಿಟಮಿನ್ ಸಿ, ಥಯಾಮಿನ್ ಎರಡೂ ನಾಶವಾಗುತ್ತವೆ, ತರಕಾರಿ ಲೋಳೆಯಂತಾಗುತ್ತದೆ. ಮೊದಲ ಎರಡು–ಮೂರು ನಿಮಿಷ ಮುಚ್ಚಳ ತೆಗೆದಿಟ್ಟರೆ ತರಕಾರಿಯ ಆಮ್ಲ ಹಬೆಯಲ್ಲಿ ಹೋಗಿ ಹಸಿರು ತಕ್ಕಮಟ್ಟಿಗೆ ಉಳಿಯುತ್ತದೆ. ಹುಣಸೆಹುಳಿ ಕೊನೆಗೆ ಹಾಕಿ. ಮೊದಲೇ ಹಾಕಿದರೆ ಬಣ್ಣವೂ ಕೆಡುತ್ತದೆ, ಬೇಯಲು ಹೊತ್ತೂ ಹಿಡಿಯುತ್ತದೆ.

ಅಲಸಂಡೆಯನ್ನು ರಾತ್ರಿ ತೊಳೆದು, ಒರೆಸಿ, ಇಡಿಯಾಗಿ ಇಡಿ, ಹೆಚ್ಚುವುದು ಬೆಳಿಗ್ಗೆ. ಕ್ಯಾಬೇಜನ್ನಂತೂ ಹೆಚ್ಚಿ ಅರ್ಧ ಗಂಟೆ ಬಿಟ್ಟು ಒಲೆಗಿಟ್ಟರೆ ಲಾಭವೇ. ಕತ್ತರಿಸಿದಾಗ ಅದರ ಕಿಣ್ವ, ಅದರಲ್ಲೇ ಇರುವ ಗ್ಲುಕೊಸಿನೊಲೇಟ್ ಎಂಬ ಸಂಯುಕ್ತವನ್ನು ಒಡೆದು ಐಸೊಥಯೊಸಯನೇಟ್ ಎಂಬ ಉಪಯುಕ್ತ ವಸ್ತು ಮಾಡುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ. ಅಷ್ಟು ಹೊತ್ತು ಕಾಯಲಾಗದಿದ್ದರೆ, ಬೆಂದ ಪಲ್ಯ ಉಗುರುಬೆಚ್ಚಗಾದ ಮೇಲೆ ಸಾಸಮೆಗೆ ಅರೆಯುವ ಹಾಗೆ ಹಸಿ ಸಾಸಿವೆಯನ್ನು ಕಾಯಿಯೊಂದಿಗೆ ಅರೆದು ಬೆರೆಸಿ. ಅದೇ ಕಿಣ್ವ ಸಾಸಿವೆಯಲ್ಲೂ ಇದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಿಂದ ಆ ಕೆಲಸ ಆಗದು.