ಮೊಲೆತೊಟ್ಟು ಉಳಿಸಿಕೊಂಡು ಸ್ತನ ತೆಗೆಸುವಾಗ ಎಲ್ಲಿ ಕುಯ್ದರೆ ಕಲೆ ಕಾಣುವುದಿಲ್ಲ?

ಸ್ತನದಲ್ಲಿ ಕ್ಯಾನ್ಸರ್ ಗಂಟು ಇದೆ, ತೊಟ್ಟು ಉಳಿಸಿಕೊಂಡು ಸ್ತನ ತೆಗೆಸಬೇಕು, ಕಲೆ ಕಾಣದ ಹಾಗೆ ಎಲ್ಲಿ ಕುಯ್ಯಿಸಲಿ ಅಂತ ಕೇಳಿದ್ದೀರಿ. ಜೊತೆಗೆ "ಬಿಪಿ ಇಲ್ಲ, ಶುಗರ್ ಇಲ್ಲ, ಕೆಟ್ಟ ಅಭ್ಯಾಸ ಯಾವುದೂ ಇಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲಿನ ಹತ್ತಿರವೇ ನಿಂತುಬಿಟ್ಟೆ. ಆಸ್ಪತ್ರೆಯ ಫಾರಂನಲ್ಲಿ ನಾನೂ ಇದನ್ನೇ ಬರೆಸಿದ್ದೆ. ಸುಳ್ಳು.

ಆಗ ನನಗೆ 44. ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಹಾಲಿನ ನಾಳಗಳ ಉದ್ದಕ್ಕೂ ಹರಡಿತ್ತು, ಪೂರ್ತಿ ತೆಗೆಯಲೇಬೇಕು ಅಂದರು. ತೊಟ್ಟಿನಿಂದ ದೂರ ಇದ್ದಿದ್ದರಿಂದ ಅದನ್ನು ಉಳಿಸಬಹುದು ಅಂತಲೂ ಅಂದರು. ನಾನೂ ನಿಮ್ಮ ಹಾಗೇ ಕೇಳಿದ್ದು ಒಂದೇ, ಕಲೆ ಎಲ್ಲಿ ಬೀಳುತ್ತದೆ ಅಂತ. ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು: ತೊಟ್ಟಿನ ಸುತ್ತ ಅರ್ಧ ಬಳೆಯ ಹಾಗೆ ಕುಯ್ಯಬಹುದು, ಪಕ್ಕದಿಂದ ಕಂಕುಳ ಕಡೆಗೆ ಕುಯ್ಯಬಹುದು, ಇಲ್ಲವೇ ಸ್ತನದ ಕೆಳಗಿನ ಮಡಿಕೆಯಲ್ಲಿ. ಒಳಗಿನದನ್ನೆಲ್ಲ ತೆಗೆದ ಮೇಲೆ ತೊಟ್ಟಿಗೆ ಹಿಂದಿನಿಂದ ಬರುತ್ತಿದ್ದ ರಕ್ತ ನಿಂತುಹೋಗುತ್ತದೆ, ಆಮೇಲೆ ಅದು ಬದುಕಬೇಕಾದ್ದು ಸುತ್ತಲಿನ ತೆಳು ಚರ್ಮದ ರಕ್ತದಲ್ಲೇ. ಸುತ್ತಲೇ ಕುಯ್ದರೆ ಆ ದಾರಿಯೂ ಅರ್ಧ ಕಟ್. ಅದಕ್ಕೇ ಮಡಿಕೆ ಅಂತಾಯಿತು.

ಅಲ್ಲೇ ಕೇಳಿದರು, "ಸಿಗರೇಟು ಗಿಗರೇಟು ಏನಾದ್ರೂ ಇದೆಯಾಮ್ಮಾ?" ನಮ್ಮ ಯಜಮಾನರೂ ಮೈದುನನೂ ನಕ್ಕರು. ನಾನೂ ನಕ್ಕೆ.

ಸಿಗರೇಟು ಇರಲಿಲ್ಲ, ನಿಜ. ಕಡ್ಡಿಪುಡಿ ಇತ್ತು. ಅಜ್ಜಿಯ ಎಲೆಅಡಿಕೆ ಚೀಲದಿಂದ ಅಂಟಿಕೊಂಡ ಚಟ, ಮದುವೆಯಾಗಿ 20 ವರ್ಷವಾದರೂ ಮನೆಯವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದ ಹಾಗೆ ಇದ್ದರು. ದಿನಕ್ಕೆ ನಾಲ್ಕೈದು ಚಿಟಿಕೆ. ಪೊಟ್ಟಣ ಸಾಸಿವೆ ಡಬ್ಬಿಯ ಹಿಂದೆ ಇರುತ್ತಿತ್ತು. ಅವರು ಕೇಳಿದ್ದು ಸಿಗರೇಟು, ನಾನು ಇಲ್ಲ ಅಂದಿದ್ದೂ ಸಿಗರೇಟಿಗೆ, ಹಾಗಾಗಿ ಇದು ಸುಳ್ಳಲ್ಲ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಆಮೇಲೆ ನರ್ಸ್ ಬಿಡಿಸಿ "ತಂಬಾಕು?" ಅಂತ ಕೇಳಿದಾಗಲೂ ಇಲ್ಲ ಅಂತ ತಲೆಯಾಡಿಸಿದೆ, ಯಾಕಂದ್ರೆ ಮೈದುನ ಪಕ್ಕದಲ್ಲೇ ಕೂತಿದ್ದ. ಆಪರೇಷನ್ನಿನ ಹಿಂದಿನ ವಾರವಂತೂ ಹೆದರಿಕೆಗೆ ಇನ್ನೂ ಜಾಸ್ತಿ ಹಾಕಿದೆ. ಹೊಗೆಯೇ ಇಲ್ಲ, ಬಾಯಲ್ಲಿರೋದಕ್ಕೂ ಎದೆಗೂ ಏನು ಸಂಬಂಧ ಅಂದುಕೊಂಡಿದ್ದೆ. ವಿಷಯ ಹೊಗೆಯದ್ದಲ್ಲ, ನಿಕೋಟಿನ್‌ದು. ಅದು ಬಾಯಿಂದಲೇ ರಕ್ತಕ್ಕೆ ಸೇರಿ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ತೊಟ್ಟು ನೆಚ್ಚಿಕೊಂಡಿದ್ದೇ ಆ ನಾಳಗಳನ್ನು. ಕನಿಷ್ಠ 4 ವಾರ ಮೊದಲೇ ಬಿಡಬೇಕಿತ್ತಂತೆ. ಬಾಯಿ ಬಿಟ್ಟಿದ್ದರೆ ಮುಂದೆ ಹೇಗೆ ಅಂತ ಅವರಾದರೂ ಬೇರೆ ಥರ ಯೋಚಿಸುತ್ತಿದ್ದರು.

ಆಪರೇಷನ್ ಆಗಿ ಮೂರನೇ ದಿನ ತೊಟ್ಟು ನೇರಳೆ ಬಣ್ಣ. ಹತ್ತನೇ ದಿನ ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ ಕಪ್ಪು. ಮೂರು ವಾರ ಡ್ರೆಸ್ಸಿಂಗ್ ಮಾಡಿ ಕೊನೆಗೆ ತೆಗೆದೇಬಿಟ್ಟರು. ಸ್ತನದ ಆಕಾರಕ್ಕೆ ಅಂತ ಒಳಗಿಟ್ಟಿದ್ದ ಇಂಪ್ಲಾಂಟ್ ಉಳಿಯಿತು, ಅಷ್ಟೇ ಪುಣ್ಯ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನ್ನಿಸುತ್ತಿಲ್ಲ, ಬೇಜಾರಾಗಬೇಡಿ. ಗಂಟು ಒಂದೇ, ಒಂದೂವರೆ ಸೆಂಟಿಮೀಟರ್ ಅಂತೀರಿ. ಹಾಗಿದ್ದರೆ ಇಡೀ ಸ್ತನ ಯಾಕೆ ತೆಗೆಯಬೇಕು ಅಂತ ಮೊದಲು ಕೇಳಿ. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಆಯುಸ್ಸಿನಲ್ಲಿ ವ್ಯತ್ಯಾಸ ಇಲ್ಲ ಅಂತ ಇಟಲಿ, ಅಮೆರಿಕದ ಎರಡು ದೊಡ್ಡ ಅಧ್ಯಯನಗಳು 20 ವರ್ಷ ನೋಡಿ 2002ರಲ್ಲೇ ಹೇಳಿವೆ. ಬಿಆರ್‌ಸಿಎ ಜೀನ್‌ನಲ್ಲಿ ದೋಷ ಇದ್ದರೆ, ಅಂದರೆ ಸ್ತನ ಕ್ಯಾನ್ಸರಿನ ಅಪಾಯ ಹುಟ್ಟಿನಿಂದಲೇ ತುಂಬಾ ಹೆಚ್ಚಿದ್ದರೆ, ಲೆಕ್ಕ ಬೇರೆ. ಹಾಲಿವುಡ್ ನಟಿ ಏಂಜಲೀನಾ ಜೋಲಿ 2013ರಲ್ಲಿ ಬರೆದುಕೊಂಡಿದ್ದು ಅದನ್ನೇ. ಆಕೆಗೆ ದೊಡ್ಡ ಆಪರೇಷನ್‌ಗೆ ಎರಡು ವಾರ ಮೊದಲೇ, ತೊಟ್ಟಿನ ಕಡೆ ರಕ್ತ ಹೆಚ್ಚು ಹರಿಯಲಿ ಅಂತ ಒಂದು ಸಣ್ಣ ಆಪರೇಷನ್ ಆಗಿತ್ತು. ರಕ್ತದ ವಿಷಯ ಅಷ್ಟು ದೊಡ್ಡದು!

ತೆಗೆಸಲೇಬೇಕು ಅಂತಾದರೆ, ತೊಟ್ಟಿನ ಹಿಂದಿನ ಚೂರನ್ನು ಲ್ಯಾಬಿಗೆ ಕಳಿಸುತ್ತಾರೆ, ಅದರಲ್ಲಿ ಕ್ಯಾನ್ಸರ್ ಕಂಡರೆ ತೊಟ್ಟೂ ಹೋಗುತ್ತದೆ, ಗೊತ್ತಿರಲಿ. ತೊಟ್ಟಿನಿಂದ ರಕ್ತ ಒಸರುತ್ತಿದ್ದರೆ ಮುಚ್ಚಿಡಬೇಡಿ. ಉಳಿದರೂ ಮುಟ್ಟಿದ್ದು ಹೆಚ್ಚಾಗಿ ಗೊತ್ತಾಗುವುದಿಲ್ಲ. ಮತ್ತೆ ಗಂಡನನ್ನು ಐದು ನಿಮಿಷ ಹೊರಗೆ ಕೂರಿಸಿ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಿ, ಹೇಳುವಂಥದ್ದು ಏನೂ ಇಲ್ಲದಿದ್ದರೂ ಸರಿ.

ನನಗೆ ಕುಯ್ದಿದ್ದು ಮಡಿಕೆಯಲ್ಲೇ ಅಂದೆನಲ್ಲ, ಆ ಗೆರೆ ಈಗ ಹುಡುಕಿದರೂ ಕಾಣುವುದಿಲ್ಲ.